ತೂಕದ ಮನೆಯ ಸುರುಳಿ

ಕಬ್ಬು ಅರೆಯುವ ಕಾಲದಲ್ಲಿ
ಮಂಡ್ಯದ ಗಾಳಿಗೂ ಕಾಕಂಬಿಯ ಅಂಟು.
ತೂಕದ ಮನೆಯ ಕಿಟಕಿ ಸರಳು ಮುಟ್ಟಿದರೆ
ಬೆರಳನ್ನು ಒಂದು ಗಳಿಗೆ ಬಿಡುವುದಿಲ್ಲ.
ಅಲ್ಲಿ ಕೂತಿರುತ್ತಿದ್ದರು ಹೊಂಬಾಳಯ್ಯ,
ಕಿವಿಯ ಮೇಲೆ ಪೆನ್ಸಿಲ್ಲು.
ಕಬ್ಬಿಣದ ಹಲಗೆಯ ಮೇಲೆ ಗಾಡಿ ಹತ್ತಿದರೆ
ಎತ್ತುಗಳ ಏದುಸಿರು ಇಳಿಯುವ ತನಕ ಕಾದು
ಆಮೇಲೆ ಮುಳ್ಳು ಓದುವವರು.

ಒಂದು ಗಾಡಿಗೂ ಇನ್ನೊಂದಕ್ಕೂ ನಡುವೆ
ಹಳೆಯ ಲೆಡ್ಜರಿನ ಹಾಳೆಯ ಬೆನ್ನಿಗೆ ಮನೆ ಹಾಕಿ
ಅಂಕಿಗಳನ್ನು ಸುತ್ತಿ ಸುತ್ತಿ ಕೂರಿಸುತ್ತಿದ್ದರು:

೫ ೪ ೩
೬ ೧ ೨
೭ ೮ ೯

"ಒಂದರ ಬಲಕ್ಕೆ ಎರಡು. ಅಲ್ಲಿಂದ ಮೇಲಕ್ಕತ್ತು, ಎಡಕ್ಕೆ ಹೊರಳು,
ಕೆಳಗಿಳಿ, ಮತ್ತೆ ಬಲಕ್ಕೆ. ಗಾಣದೆತ್ತಿನಂಗೆ.
ಆದ್ರೆ ಎತ್ತು ಅದೇ ಜಾಡು ತುಳೀತದೆ,
ಇದು ಸುತ್ತಿಗೊಂದು ಮನೆ ಆಚೆಗೋಯ್ತದೆ"
ಅಂದಿದ್ದರು, ನಾನು ಟೋಕನ್ ಕೊಡುವ ಕೆಲಸಕ್ಕೆ ಸೇರಿದ ವಾರ.

ನಾನು ಕೇಳಿದ್ದು ಬೇರೆ: ಯಾಕೆ?

ಅದಕ್ಕೆ ಕೆಂಪಾಜಮ್ಮನ ಕತೆ ಹೇಳಿದರು.
ಟ್ರಾಕ್ಟರಿನ ತುಂಬ ಕಬ್ಬು, ಐವತ್ತನಾಲ್ಕು ಕ್ವಿಂಟಲ್.
ಪುಸ್ತಕದಲ್ಲಿ ೫೪. ಚೀಟಿಯಲ್ಲಿ ಕೈ ಹೊರಳಿ ೪೫.
ಸಂಜೆ ತಾಳೆ ನೋಡಿದರು, ಕೂಲಿಮಠದ ಅಯ್ಯನೋರು ಕಲಿಸಿದಂತೆ:
ಅಂಕಿ ಕೂಡು, ಒಂಬತ್ತು ಬಿಡು, ಉಳಿದದ್ದು ಹೊಂದಿದರೆ ಮಲಗು.
ಐದೂ ನಾಲ್ಕೂ ಒಂಬತ್ತು. ನಾಲ್ಕೂ ಐದೂ ಒಂಬತ್ತು.
ಮಲಗಿದರು.

ಮೂರನೆಯ ದಿನ ಅವಳು ಸರಳು ಹಿಡಿದು ನಿಂತಳು.
ಓದು ಬಾರದು; ಪಕ್ಕದ ಮನೆಯ ಹುಡುಗ ಓದಿ ಹೇಳಿದ್ದ.
ಚೀಟಿಯನ್ನು ತಲೆಕೆಳಗಾಗಿ ಒಳಗೆ ಚಾಚಿ ಅಂದಳು:
"ನೀ ಅಂಕಿ ಕೂಡ್ತೀಯ ಕಣಯ್ಯ. ನಾ ಕಬ್ಬು ಹೊತ್ತಿವ್ನಿ."

ಒಂಬತ್ತು ಕ್ವಿಂಟಲಿನ ದುಡ್ಡು ಸಂಬಳದಲ್ಲಿ ಮುರಿಸಿಕೊಂಡರು.
ಅದು ಮುಗಿಯಿತು. ಮುಗಿಯದ್ದು ಇನ್ನೊಂದು:
ಅಷ್ಟು ವರ್ಷ ಕಾವಲಿಗಿಟ್ಟ ಒಂಬತ್ತು
ಕಣ್ಣೆದುರೇ ಒಂಬತ್ತನ್ನು ನುಂಗಿ
ಬಾಯಿ ಒರೆಸಿಕೊಂಡು ಕೂತಿತ್ತಲ್ಲ!

ಅಂದಿನಿಂದ ಈ ಸುರುಳಿ, ಕಳ್ಳನ ಮನೆ ಹುಡುಕಲು.
ಹಾಳೆ ಸಾಲದೆ ಅನ್ನದ ಅಗುಳು ತಿಕ್ಕಿ ಇನ್ನೊಂದು ಅಂಟಿಸಿದ್ದರು;
ಇರುವೆ ಬಂದು ನೂರಾ ನಲವತ್ತರ ಆಸುಪಾಸು ತೂತು.
ನಲವತ್ತೈದು ಕೆಳಗಿನ ಸಾಲಲ್ಲಿದೆ. ಬೆರಳಿಟ್ಟು ಬಲಕ್ಕೆ ನಡೆದರೆ
ನಾಲ್ಕು ಮನೆಗೆ ಮೂಲೆ, ನಲವತ್ತೊಂಬತ್ತು.
ಒಂದು ಹೆಜ್ಜೆ ಆಚೆ. ಅಲ್ಲಿಂದ ನಾಲ್ಕು ಮನೆ ಮೇಲೆ ಐವತ್ತನಾಲ್ಕು.
"ಒಂದು ತಿರುವು ಅಷ್ಟೇ ಕಣವ್ವ ದೂರ" ಅಂದರು,
ಉಗುರಿನ ಸಂದಿಯಲ್ಲಿ ಶಾಯಿ.

ಈಗ ಮುಳ್ಳಿಲ್ಲ. ಕೆಂಪು ದೀಪದ ಅಂಕಿ ತಾನೇ ಮೂಡುತ್ತದೆ.
ಹಾಳೆ ನನ್ನ ಡ್ರಾಯರಿನಲ್ಲಿ.
ಲಾರಿಗಳು ತಡವಾದ ಒಂದು ರಾತ್ರಿ, ಒಂದರಿಂದ
ಬಲಗೆಳಗಿನ ಮೂಲೆಗೆ ಓರೆಯಾಗಿ ಇಳಿದೆ:
೧, ೯, ೨೫, ೪೯, ೮೧, ೧೨೧, ೧೬೯, ೨೨೫, ೨೮೯.
ಒಂದೊಂದರ ಅಂಕಿಯನ್ನೂ ಕೂಡಿ, ಕೂಡಿದ್ದನ್ನು ಮತ್ತೆ ಕೂಡಿ,
ಒಂಟಿ ಅಂಕಿ ಉಳಿಯುವ ತನಕ ಅರೆದೆ.

೧ ೯ ೭ ೪ ೯ ೪ ೭ ೯ ೧

ಮೊದಲ ನಾಲ್ಕು, ಅವರು ಕೆಲಸಕ್ಕೆ ಸೇರಿದ ಇಸವಿ.
ನಡುವೆ ಆ ಒಂಬತ್ತು, ಗಾಡಿ ತಡೆಯುವ ಗೇಟಿನ ಹಾಗೆ.
ಆಚೆಗೆ ಅದೇ ಇಸವಿ ಹಿಮ್ಮುಖ ನಡೆದು ಒಂದನ್ನು ಸೇರುತ್ತದೆ.
ತಿರುಗಿಸಿ ಬರೆದರೂ ತಪ್ಪಾಗದ ಒಂದು ಚೀಟಿ
ಇಷ್ಟು ದಿನ ಅಲ್ಲೇ ಇತ್ತು.
ಅವರು ಕಾಣಲಿಲ್ಲವೋ, ಕಂಡೂ ಸುಮ್ಮನಾದರೋ.

ಕೇಳೋಣವೆಂದು ಗುತ್ತಲಿನ ಅವರ ಮನೆಗೆ ಹಾಳೆ ಒಯ್ದೆ.
ಕನ್ನಡಕ ಸಿಗಲಿಲ್ಲ, ಮೊಮ್ಮಗಳು ಹುಡುಕಿ ಕೊಟ್ಟಳು.
ಓರೆ ಸಾಲಿನ ಮೇಲೆ ಒಮ್ಮೆ ಬೆರಳೆಳೆದು
"ಚೆನ್ನಾಗದೆ" ಅಂದರು.
ಆಮೇಲೆ ಹಾಳೆಯನ್ನು ಮಗುಚಿ ಹಾಕಿ
ಮುಂಬದಿಯ ಮಾಸಿದ ತೂಕಗಳನ್ನು ಓದತೊಡಗಿದರು,
ಗಾಡಿಗೊಂದು ಹೆಸರು, ಹೆಸರಿಗೊಂದು ತೂಕ,
ಎಡದಿಂದ ಬಲಕ್ಕೆ, ಗಟ್ಟಿಯಾಗಿ,
ಕಿಟಕಿಯಾಚೆ ಯಾರೋ ನಿಂತು
ಕೇಳಿಸಿಕೊಳ್ಳುತ್ತಿರುವ ಹಾಗೆ.